ಸೋಲ್ ಟ್ರೇನ್ ಲೈನ್ ಹಾಕಿಸಿದ್ರೆ ಎರಡೇ ನಿಮಿಷಕ್ಕೆ ಸಪ್ಪೆ ಆಗ್ತಿದೆ, ಎಲ್ಲಿ ತಪ್ತಿದೆ?

ಹಳೇ_ಟ್ರಾನ್ಸಿಸ್ಟರ್
ಎಪ್ಪತ್ತರ ದಶಕದ ಅಮೆರಿಕನ್ ಸೋಲ್ ಸಂಗೀತದ್ದೇ ಒಂದು ಸಂಜೆ ಇಟ್ಕೊಂಡಿದೀವಿ. 40 ಜನ, ಹಾಲ್ 30 ಅಡಿ ಉದ್ದ, ನೆಲ ವಿಟ್ರಿಫೈಡ್ ಟೈಲ್ಸ್. ಮುಖ್ಯ ಆಕರ್ಷಣೆ ಸೋಲ್ ಟ್ರೇನ್ ಲೈನ್, ಆ ಹೆಸರಿನ ಅಮೆರಿಕನ್ ಟೀವಿ ನೃತ್ಯ ಕಾರ್ಯಕ್ರಮದಲ್ಲಿ ಮಾಡ್ತಿದ್ದದ್ದು. ಎರಡು ಸಾಲು ಎದುರುಬದುರು, ನಡುವೆ ಜೋಡಿಜೋಡಿಯಾಗಿ ಕುಣೀತಾ ಬರೋದು. ರಿಹರ್ಸಲ್‌ನಲ್ಲಿ ಏನಾಗ್ತಿದೆ ಅಂದ್ರೆ, ಮೊದಲ ನಾಲ್ಕು ಜೋಡಿ ಚೆನ್ನಾಗಿ ಬರ್ತಾರೆ, ಆಮೇಲೆ ಒಬ್ಬೊಬ್ಬರೂ ಬಸ್ ಹಿಡಿಯೋರ ಥರ ಓಡಿಬಿಡ್ತಾರೆ. ಸಾಲೇ ಕರಗಿಹೋಗುತ್ತೆ. ಎಲ್ಲರೂ ಚಪ್ಪಾಳೆ ಹೊಡೀತಾರೆ, ಆದ್ರೆ ಹಾಡಿಗೆ ಅಂಟಲ್ಲ. ಪ್ರೊಜೆಕ್ಟರ್‌ನಲ್ಲಿ ಹಳೇ ಕಂತು ಹಾಕಿದ್ರೆ ಕೈ ಬೀಸಿದ ಕಡೆಯೆಲ್ಲ ಬಾಚಣಿಗೆ ಹಲ್ಲಿನಂಥ ಗೆರೆ. ಗೊತ್ತಿರೋರು ಒಂದೊಂದಾಗಿ ಬಿಡಿಸಿ ಹೇಳಿ.

ಎಂಟರ_ಲೆಕ್ಕ
ಮೊದಲು ಜಾಗದ ಲೆಕ್ಕ ನೋಡಿ. 40 ಜನ ಅಂದ್ರೆ ಒಂದು ಬದಿಗೆ 20. 30 ಅಡಿಗೆ 20 ಜನ ನಿಂತ್ರೆ ತಲಾ ಒಂದೂವರೆ ಅಡಿ, ಭುಜಕ್ಕೆ ಭುಜ ತಾಗುತ್ತೆ, ಯಾರೂ ಅಲ್ಲಾಡಕ್ಕಾಗಲ್ಲ. ಬದಿಗೆ 12 ಜನ ನಿಲ್ಲಿಸಿ, ತಲಾ ಎರಡೂವರೆ ಅಡಿ ಸಿಗುತ್ತೆ. ಉಳಿದ 8 ಜೋಡಿ ಮೇಲ್ತುದೀಲಿ ಕಾಯ್ಲಿ. ನಡುವಿನ ದಾರಿ 6ರಿಂದ 7 ಅಡಿ ಇರ್ಲಿ. 5 ಅಡಿ ಆದ್ರೆ ಕೈ ಚಾಚಿದವರು ಪಕ್ಕದವರ ಕನ್ನಡಕ ಬೀಳಿಸ್ತಾರೆ. 9 ಅಡಿ ಆದ್ರೆ ಮಧ್ಯೆ ಇರೋರು ಒಂಟಿ ಅನ್ಸಿ ಓಡಿಬಿಡ್ತಾರೆ.

ಈಗ ಸಮಯ. ನಿಮಿಷಕ್ಕೆ 105 ಬೀಟ್ ಇರೋ ಹಾಡು ತಗೊಳ್ಳಿ. ಎಂಟು ಎಣಿಕೆಗೆ 4.6 ಸೆಕೆಂಡ್. ಒಂದು ಜೋಡಿಗೆ ನಾಲ್ಕು ಎಂಟು ಕೊಡಿ, ಅಂದ್ರೆ ಸುಮಾರು 18 ಸೆಕೆಂಡ್. ಒಬ್ಬರು ಮುಗಿಸೋವರೆಗೂ ಇನ್ನೊಬ್ಬರು ಕಾದ್ರೆ 20 ಜೋಡಿಗೆ ಆರು ನಿಮಿಷ, ಅಷ್ಟರಲ್ಲಿ ಸಾಲಿನಲ್ಲಿ ನಿಂತೋರು ಮೊಬೈಲ್ ತೆಗೀತಾರೆ. ಮುಂದಿನ ಜೋಡಿ ಹೊರಡಬೇಕಾದ್ದು ಹಿಂದಿನವರು ಅರ್ಧ ದಾರಿ ದಾಟಿದಾಗ, ಅಂದ್ರೆ ಎರಡು ಎಂಟಕ್ಕೊಂದು ಜೋಡಿ. ಹಾಗೆ ಮಾಡಿದ್ರೆ 20 ಜೋಡಿಯೂ 3 ನಿಮಿಷ 12 ಸೆಕೆಂಡಲ್ಲಿ ಮುಗೀತಾರೆ. ಹೆಚ್ಚುಕಮ್ಮಿ ಒಂದು ಹಾಡಿನಷ್ಟು.

ಸಾಲು ಕರಗೋದಕ್ಕೆ ಕಾರಣ ಕುಣಿದು ಮುಗಿಸಿದವರು ಸೀದಾ ಬೋಂಡಾ ಮೇಜಿಗೆ ಹೋಗೋದು. ಮುಗಿಸಿದವರು ಕೆಳತುದೀಲಿ ಸಾಲಿಗೇ ಸೇರ್ಬೇಕು, ಉಳಿದವರು ಒಂದೊಂದು ಹೆಜ್ಜೆ ಮೇಲಕ್ಕೆ ಸರೀಬೇಕು. ಮೇಲ್ತುದೀಲಿ ಒಬ್ಬರನ್ನ ನಿಲ್ಲಿಸಿ, "ಈಗ ಹೊರಡಿ" ಅಂತ ಬೆನ್ನು ತಟ್ಟಕ್ಕೆ. ಆ ಕೆಲಸ ನಾಚಿಕೆ ಇಲ್ಲದವರಿಗೆ ಕೊಡಿ.

ರೆಕಾರ್ಡ್_ರಾಯರು
ಹಾಡು ಯಾವುದು ಹಾಕ್ತಿದೀರಿ ಮೊದಲು ಅದು ಹೇಳಿ ಸ್ವಾಮಿ.

ಹಳೇ_ಟ್ರಾನ್ಸಿಸ್ಟರ್
ಹೆಚ್ಚಾಗಿ ಡಿಸ್ಕೋ ರಾಯರೇ. 120, 125 ಬೀಟಿನವು.

ರೆಕಾರ್ಡ್_ರಾಯರು
ಅಲ್ಲೇ ರೋಗ ಇರೋದು. 125ರಲ್ಲಿ ನಾಲ್ಕು ಎಂಟು 15 ಸೆಕೆಂಡಿಗೆ ಖಾಲಿ, ಅಭ್ಯಾಸ ಇಲ್ಲದವರು ಅದಕ್ಕೆ ಓಡದೆ ಇನ್ನೇನು ಮಾಡ್ತಾರೆ. 98ರಿಂದ 112ರ ಒಳಗೆ ಇರಿ. ಸ್ಟೀವಿ ವಂಡರ್‌ನ 'ಸೂಪರ್‌ಸ್ಟಿಷನ್' ಸುಮಾರು 100, ಚಿಕ್‌ನ 'ಗುಡ್ ಟೈಮ್ಸ್' 110ರ ಆಸುಪಾಸು. ಬೀಟ್ ಅಳೆಯಕ್ಕೆ ಆ್ಯಪ್ ಬೇಕಿಲ್ಲ, 15 ಸೆಕೆಂಡ್ ಕಾಲು ತಟ್ಟಿ ಎಣಿಸಿ, ನಾಲ್ಕರಿಂದ ಗುಣಿಸಿ. ನಿಧಾನದ ಹಾಡು ಮೊದಲು, ಆಮೇಲೆ ಏರಿಸ್ತಾ ಹೋಗಿ.

ಕಡಲತಡಿ_ಬೇಸ್
ಚಪ್ಪಾಳೆ ಹಾಡಿಗೆ ಅಂಟುವುದಿಲ್ಲ ಅಂದ್ರಲ್ಲ, ಅದಕ್ಕೆ ಕಾರಣ ಉಂಟು ಮಾರಾಯ್ರೆ. ನಮ್ಮ ಕೈಗೆ ಆದಿತಾಳ ಹತ್ತಿದೆ. ಅದರಲ್ಲಿ ಘಾತ ಬೀಳುವುದು 1, 5, 7ಕ್ಕೆ. ಒಂದನೆಯ ಅಕ್ಷರ ಅಂದ್ರೆ ಸಮ, ಅಲ್ಲಿ ತಟ್ಟದಿದ್ರೆ ನಮಗೆ ಸಮಾಧಾನವೇ ಇಲ್ಲ. ಭಜನೆಯಲ್ಲೂ ಹಾಗೇ. ಸೋಲ್‌ನಲ್ಲಿ ಒಂದಕ್ಕೆ ಕಾಲು, ಎರಡಕ್ಕೆ ಕೈ, ಮೂರಕ್ಕೆ ಕಾಲು, ನಾಲ್ಕಕ್ಕೆ ಕೈ. ಟಪ್ ಅನ್ನುವ ಸ್ನೇರ್ ಡ್ರಮ್ ಹೊಡೆಯುವುದು ಆ 2, 4ಕ್ಕೇ. ಕೂತುಕೊಂಡೇ ಹತ್ತು ನಿಮಿಷ ಇಷ್ಟನ್ನೇ ಮಾಡಿಸಿ. ನಿಂತ ಮೇಲೆ ಹೇಳಿಕೊಟ್ಟರೆ ಹತ್ತುವುದಿಲ್ಲ.

ಅವರೇಕಾಳು
ಎಲ್ಲಾ ಸೋಲ್ ಹಾಡಿಗೂ 2, 4 ಅಂತಿಲ್ಲ. ಮೋಟೌನ್ ರೆಕಾರ್ಡ್ ಕಂಪನಿಯ ಎಷ್ಟೋ ಹಾಡಲ್ಲಿ ಸ್ನೇರ್ ನಾಲ್ಕು ಬೀಟಿಗೂ ಬೀಳುತ್ತೆ.

ಕಡಲತಡಿ_ಬೇಸ್
ಬೀಳುತ್ತದೆ, ಒಪ್ಪಿದೆ. ಹಾಗಾಗಿಯೇ ಹೊಸಬರಿಗೆ ಮೋಟೌನ್ ಸುಲಭ, ಎಲ್ಲಿ ತಟ್ಟಿದರೂ ಕೆಳಗೊಂದು ಸ್ನೇರ್ ಸಿಗುತ್ತದೆ. ಅದೇ ಮೆಂಫಿಸ್‌ನ ಸ್ಟ್ಯಾಕ್ಸ್ ಕಂಪನಿಯ ಹಾಡು ಹಾಕಿ ನೋಡಿ, ಬಣ್ಣ ಬಯಲಾಗುತ್ತದೆ. ಅಲ್ಲಿ 2 ಮತ್ತು 4 ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ಅದು ಹುಟ್ಟಿದ್ದೇ ಒಂದು ಕುಣಿತದಿಂದ. 1965ರಲ್ಲಿ ವಿಲ್ಸನ್ ಪಿಕೆಟ್‌ನ 'ಇನ್ ದ ಮಿಡ್‌ನೈಟ್ ಅವರ್' ರೆಕಾರ್ಡ್ ಆಗುವಾಗ ನಿರ್ಮಾಪಕ ಜೆರ್ರಿ ವೆಕ್ಸ್‌ಲರ್ ಸ್ಟುಡಿಯೋದಲ್ಲೇ 'ಜರ್ಕ್' ಅಂತ ಆಗ ಹುಡುಗರು ಕುಣಿಯುತ್ತಿದ್ದ ನೃತ್ಯ ಮಾಡಿ ತೋರಿಸಿದ, ಒತ್ತು ಎಲ್ಲಿ ಬರಬೇಕು ಅಂತ. ಗಿಟಾರಿನ ಸ್ಟೀವ್ ಕ್ರಾಪರ್, ಡ್ರಮ್ಮಿನ ಆಲ್ ಜಾಕ್ಸನ್ ಇಬ್ಬರೂ ಅದನ್ನು ಹಿಡಿದುಕೊಂಡರು. ಆಮೇಲೆ ಅದೇ ಸ್ಟ್ಯಾಕ್ಸ್‌ನ ಗುರುತಾಯಿತು.

ಗರಡಿ_ಹುಡುಗ
ಜೇಮ್ಸ್ ಬ್ರೌನ್ ಪೂರ್ತಿ ಉಲ್ಟಾ ಗುರೂ, ಅವನ ಬ್ಯಾಂಡಲ್ಲಿ ಎಲ್ಲಾ ಒಂದರ ಮೇಲೆ. 1967ರ 'ಕೋಲ್ಡ್ ಸ್ವೆಟ್' ಕೇಳಿ. ನಮ್ಮೋರಿಗೆ ಅದೇ ಸರಿ, ಸಮದ ಮೇಲೆ ಕೂರುತ್ತೆ.

ಕಡಲತಡಿ_ಬೇಸ್
ಒತ್ತು ಒಂದರ ಮೇಲೆ, ಚಪ್ಪಾಳೆ ಆಗಲೂ 2, 4ಕ್ಕೇ. ಎರಡೂ ಬೇರೆ ಬೇರೆ.

ಧಾರವಾಡ_ಫಂಕ್
ನೀವೆಲ್ಲಾ ಲೈನ್ ಲೈನ್ ಅಂತೀರಿ, ಅದು ಸೋಲ್ ಟ್ರೇನದವರು ಹುಟ್ಟಿಸಿದ್ದಲ್ಲರಿ. ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್ ಅನ್ನೋ ಟೀವಿ ಕಾರ್ಯಕ್ರಮದಾಗ 1957-58ಕ್ಕನ 'ಸ್ಟ್ರೋಲ್' ಅಂತ ಇತ್ತು. ಎರಡು ಸಾಲು, ನಡುವ ಜೋಡಿ ನಡಕೋತ ಬರೂದು. ಡಾನ್ ಕಾರ್ನೇಲಿಯಸ್ ಸೋಲ್ ಟ್ರೇನ್ ಶುರು ಮಾಡಿದ್ದು 1970ರ ಆಗಸ್ಟ್ 17ಕ್ಕ, ಶಿಕಾಗೋದ ಒಂದು ಸಣ್ಣ ಚಾನೆಲ್ ಡಬ್ಲ್ಯೂಸಿಐಯುನಾಗ. ಬ್ಯಾಂಡ್‌ಸ್ಟ್ಯಾಂಡ್ ನಡಸ್ತಿದ್ದ ಡಿಕ್ ಕ್ಲಾರ್ಕ್ ಅಂವಗಿಂತ ಹದಿಮೂರು ವರ್ಷ ಮೊದಲ ದೇಶಕ್ಕೆಲ್ಲ ತೋರಿಸಿದ್ದ.

ಮೈಸೂರು_ಮೋಟೌನ್
ಇಲ್ಲೊಂದು ತಿದ್ದುಪಡಿ ಇದೆ ಸರ್. ಸ್ಟ್ರೋಲ್ ಬ್ಯಾಂಡ್‌ಸ್ಟ್ಯಾಂಡ್‌ನ ಸ್ವಂತದ್ದಲ್ಲ. ಡೆಲವೇರ್‌ನ ವಿಲ್ಮಿಂಗ್ಟನ್‌ನಿಂದ 1955ರಿಂದ 58ರವರೆಗೆ ಮಿಚ್ ಥಾಮಸ್ ಎಂಬ ಕಪ್ಪು ಡಿಸ್ಕ್ ಜಾಕಿ ಕಪ್ಪು ಹುಡುಗ ಹುಡುಗಿಯರಿಗಾಗಿ ಒಂದು ನೃತ್ಯ ಕಾರ್ಯಕ್ರಮ ನಡೆಸುತ್ತಿದ್ದರು. ಪಕ್ಕದ ಫಿಲಡೆಲ್ಫಿಯಾದ ಬ್ಯಾಂಡ್‌ಸ್ಟ್ಯಾಂಡ್ ಹುಡುಗರು ಅದನ್ನು ನೋಡಿ ಸ್ಟ್ರೋಲ್ ಕಲಿತರು. ಆ ಕಾಲದಲ್ಲಿ ಬ್ಯಾಂಡ್‌ಸ್ಟ್ಯಾಂಡ್ ಸ್ಟುಡಿಯೋ ಒಳಗೆ ಕಪ್ಪು ಹುಡುಗರಿಗೆ ಪ್ರವೇಶವೇ ದುರ್ಲಭವಾಗಿತ್ತು. ಹಾಗಾಗಿ ಹೆಜ್ಜೆ ಒಬ್ಬರದು, ಹೆಸರು ಇನ್ನೊಬ್ಬರದು. ಸೋಲ್ ಟ್ರೇನ್ ಅದನ್ನು ವಾಪಸ್ ತಂದಿತು ಅನ್ನಿ, ಒಪ್ಪುತ್ತೇನೆ.

1973ರಲ್ಲಿ ಡಿಕ್ ಕ್ಲಾರ್ಕ್ 'ಸೋಲ್ ಅನ್‌ಲಿಮಿಟೆಡ್' ಅಂತ ಸೋಲ್ ಟ್ರೇನ್‌ಗೆ ಪೈಪೋಟಿ ಕಾರ್ಯಕ್ರಮ ಶುರು ಮಾಡಿದರು. ಕಪ್ಪು ಜನರ ಹಕ್ಕಿನ ಹೋರಾಟಗಾರ ಜೆಸ್ಸಿ ಜಾಕ್ಸನ್ ಮೊದಲಾದವರು ವಿರೋಧಿಸಿದ ಮೇಲೆ ಕೆಲವೇ ಕಂತಿಗೆ ಅದು ನಿಂತುಹೋಯಿತು. ಯಾರು ಯಾರ ಹಿಂದೆ ಬಂದರು ಅನ್ನೋದಕ್ಕೆ ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಧಾರವಾಡ_ಫಂಕ್
ಮಿಚ್ ಥಾಮಸ್ ಹೆಸರು ಬಿಟ್ಟಿದ್ದ ನನ್ನ ತಪ್ಪ. ಒಪ್ಪಿದೆರಿ.

ಗರಡಿ_ಹುಡುಗ
ಸೋಲ್ ಟ್ರೇನ್ ಶೀರ್ಷಿಕೆ ಗೀತೆ ಮರೀಬೇಡಿ, ಎಂಟ್ರಿಗೆ ಅದೇ ಹಾಕಿ. ಗ್ಲ್ಯಾಡಿಸ್ ನೈಟ್ ಹಾಡಿರೋದು.

ರೆಕಾರ್ಡ್_ರಾಯರು
ಗ್ಲ್ಯಾಡಿಸ್ ನೈಟ್ ಅಲ್ಲಪ್ಪಾ. ಆಕೆ 1971ರ ಅಕ್ಟೋಬರ್‌ನಲ್ಲಿ ರಾಷ್ಟ್ರಮಟ್ಟದಲ್ಲಿ ಬಂದ ಮೊದಲ ಕಂತಿನ ಅತಿಥಿ. ಗೀತೆ ನುಡಿಸಿದ್ದು ಫಿಲಡೆಲ್ಫಿಯಾದ ಎಂಎಫ್‌ಎಸ್‌ಬಿ ಬ್ಯಾಂಡ್, ಹಾಡಿದ್ದು ಥ್ರೀ ಡಿಗ್ರೀಸ್ ಗಾಯಕಿಯರು. ಮಾಡಿಸಿದ್ದು ಗ್ಯಾಂಬಲ್ ಮತ್ತು ಹಫ್. 1974ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಹಾಡುಗಳ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯ್ತು, ಟೀವಿ ಶೀರ್ಷಿಕೆ ಗೀತೆಯೊಂದು ಅಲ್ಲಿ ಮುಟ್ಟಿದ್ದು ಅದೇ ಮೊದಲು. ರೆಕಾರ್ಡ್ ಮೇಲೆ ಕಾರ್ಯಕ್ರಮದ ಹೆಸರು ಹಾಕಕ್ಕೆ ಕಾರ್ನೇಲಿಯಸ್ ಒಪ್ಪಲಿಲ್ಲ. ಆಮೇಲೆ ಕೈಕೈ ಹಿಸುಕಿಕೊಂಡರು. ಅದಕ್ಕೂ ಮುಂಚೆ ಬರ್ತಿದ್ದ ಗೀತೆ ಕಿಂಗ್ ಕರ್ಟಿಸ್‌ನ 'ಹಾಟ್ ಪೊಟೇಟೊ'. ಎಂಟ್ರಿಗೆ ಅದೂ ಚೆನ್ನ.

ಸ್ನೇರ್_ಸುಬ್ಬಿ
ಲೈನ್‌ನಲ್ಲಿ ಏನು ಕುಣೀಬೇಕು ಅಂತ ಯಾರೂ ಹೇಳಲೇ ಇಲ್ವಲ್ಲ. ಓಡೋದಕ್ಕೆ ಅರ್ಧ ಕಾರಣ ಅದು, ಮಾಡಕ್ಕೇನೂ ಇಲ್ಲ ಅಂತ ಓಡ್ತಾರೆ. ಲಾಕಿಂಗ್, ಅಂದ್ರೆ ಮಧ್ಯೆ ಟಕ್ ಅಂತ ನಿಲ್ಲೋ ಕುಣಿತ, ಅದರ ಮೂರು ಹೆಜ್ಜೆ ಸಾಕು.

ಲಾಕ್: ಎರಡೂ ತೋಳು ಮುಂದೆ, ದೊಡ್ಡ ಕೊಡ ತಬ್ಬಿ ಹಿಡಿದ ಹಾಗೆ ದುಂಡಗೆ. ಮುಷ್ಟಿ ಸೊಂಟದ ಮಟ್ಟಕ್ಕೆ, ಮೊಣಕೈ ಹೊರಕ್ಕೆ, ಮಂಡಿ ಬಗ್ಗಿ, ಎದೆ ಸ್ವಲ್ಪ ಮುಂದಕ್ಕೆ. ಟಕ್ ಅಂತ ನಿಲ್ಲಬೇಕು. ಎಲ್ಲರೂ ಮಾಡೋ ತಪ್ಪು ಮೊಣಕೈ ಪಕ್ಕೆಗೆ ಅಂಟಿಸೋದು. ಆಗ ಚಳಿಗೆ ಮುದುಡಿದ ಹಾಗೆ ಕಾಣುತ್ತೆ.

ಮಣಿಕಟ್ಟು ತಿರುವು: ಕೈ ಎತ್ತಿ, ಕಿವಿ ಪಕ್ಕ ಮುಷ್ಟಿ ತಿರುಗಿಸ್ತಾ ಮೇಲಕ್ಕೆ. ತಿರುಗೋದು ಮಣಿಕಟ್ಟು, ಭುಜ ಅಲ್ಲ.

ಪಾಯಿಂಟ್: ಬಲಗೈ ಎಡಭುಜದ ಹತ್ರ ತಂದು ಅಲ್ಲಿಂದ ಬಾಣದ ಥರ ಬಲಕ್ಕೆ ಬಿಡಿ, ಬೆರಳು ತೋರಿಸಿ. ಎಲ್ಲಿಂದಲೂ ತರದೆ ಸುಮ್ನೆ ಕೈ ಚಾಚಿದ್ರೆ ದಾರಿ ತೋರ್ಸಿದ ಹಾಗಾಗುತ್ತೆ.

ಎಂಟರ ಎಣಿಕೆ ಹೀಗೆ ಹಾಕಿ. 1-2 ತಿರುವು, 3ಕ್ಕೆ ಲಾಕ್, 4 ಹಾಗೇ ಹಿಡಿ, 5 ಬಲ ಪಾಯಿಂಟ್, 6 ಎಡ ಪಾಯಿಂಟ್, 7ಕ್ಕೆ ಲಾಕ್, 8 ಹಿಡಿ. ನಿಲ್ಲೋದ್ರಲ್ಲೇ ಮಜಾ ಇರೋದು. ಅದರ ಹಿಂದೆ ಚಲನೆ ಜೋರಾಗಿಲ್ಲದಿದ್ರೆ ನಿಂತಿದ್ದು ಯಾರಿಗೂ ಕಾಣಲ್ಲ. ಉಸಿರು ಮಾತ್ರ ಹಿಡೀಬೇಡಿ, ಭುಜ ಕಿವಿಗೆ ಏರಿಬಿಡುತ್ತೆ. ಒಂದು ಎಂಟು ಇದು, ಮುಂದಿನ ಎಂಟು ಸುಮ್ನೆ ಮುಂದಕ್ಕೆ ಹೆಜ್ಜೆ. ಹೀಗೆ ಎರಡು ಸಲ ಮಾಡೋಷ್ಟರಲ್ಲಿ ನಾಲ್ಕು ಎಂಟು ಮುಗಿದು, ದಾರೀನೂ ಮುಗಿದಿರುತ್ತೆ.

ಅವರೇಕಾಳು
ಲಾಕಿಂಗ್ ಹುಟ್ಟಿದ್ದೇ ಒಂದು ಹೆಜ್ಜೆ ಬಾರದೇ ಇದ್ದದ್ದರಿಂದ. ಡಾನ್ ಕ್ಯಾಂಪ್‌ಬೆಲ್‌ಗೆ 'ಫಂಕಿ ಚಿಕನ್' ಹೆಜ್ಜೆ ಕೂರಲಿಲ್ಲ, ಮಧ್ಯೆ ಮಧ್ಯೆ ತಡೀತಿದ್ದ, ಆ ತಡೆಯೇ ಶೈಲಿ ಆಯ್ತು. ಸೋಲ್ ಟ್ರೇನ್ ನೋಡಿ ದೇಶಾನೇ ಕಲೀತು.

ಗರಡಿ_ಹುಡುಗ
ಪಾಪಿಂಗೂ ಅವನದೇ ಅಲ್ವಾ?

ಸ್ನೇರ್_ಸುಬ್ಬಿ
ಅಲ್ಲ ಕಣೋ. ಪಾಪಿಂಗ್ ಫ್ರೆಸ್ನೋ ಊರಿನ ಬೂಗಲೂ ಸ್ಯಾಮ್‌ದು, ಎಪ್ಪತ್ತರ ದಶಕದ ಕೊನೆ ಭಾಗ. ಲಾಕಿಂಗ್‌ನಲ್ಲಿ ಭಂಗಿ ನಿಲ್ಲುತ್ತೆ, ಪಾಪಿಂಗ್‌ನಲ್ಲಿ ಸ್ನಾಯು ಬಿಗಿದು ತಟಕ್ ಅಂತ ಬಿಡೋದು. ಎರಡನ್ನೂ ಸೇರಿಸಿ 'ಬ್ರೇಕ್ ಡ್ಯಾನ್ಸ್' ಅಂತ ಕರೆದುಬಿಡ್ತಾರೆ, ಅದಂತೂ ನ್ಯೂಯಾರ್ಕಿಂದ ಬಂದ ಮೂರನೇ ದಾರಿ.

ಗರಡಿ_ಹುಡುಗ
ಮೂನ್‌ವಾಕ್ ಹಾಕ್ಬೋದಾ ಲೈನ್‌ನಲ್ಲಿ?

ಸ್ನೇರ್_ಸುಬ್ಬಿ
ಹಿಂದಕ್ಕೆ ಹೋಗೋ ಹೆಜ್ಜೆ ಅದು, ಮುಂದಕ್ಕೆ ಬರೋ ಸಾಲಲ್ಲಿ ಹೇಗೆ ಹಾಕ್ತೀಯಾ? ಹಿಂದಿನ ಜೋಡಿಗೆ ಗುದ್ದುತ್ತೆ. ಬೇಕೇ ಬೇಕಂದ್ರೆ ಕೊನೇ ಜೋಡಿ ಬೆನ್ನು ಮುಂದೆ ಮಾಡಿ ಬರ್ಲಿ. ಹೆಜ್ಜೆ ಇಷ್ಟೇ: ಒಂದು ಕಾಲಿನ ಹಿಮ್ಮಡಿ ಎತ್ತಿ, ಪೂರ್ತಿ ಭಾರ ಆ ಕಾಲಿನ ಮುಂಗಾಲಿಗೆ ಹಾಕು. ಇನ್ನೊಂದು ಪಾದ ಚಪ್ಪಟೆಯಾಗಿ ಹಿಂದಕ್ಕೆ ಜಾರಲಿ. ಆಮೇಲೆ ಹಿಮ್ಮಡಿ ಅದಲು ಬದಲು. ಜಾರೋ ಕಾಲಿನ ಮೇಲೆ ಭಾರ ಇಟ್ರೆ ಜಾರಲ್ಲ, ಎಲ್ಲರೂ ಎಡವೋದು ಅಲ್ಲೇ.

ಮೈಕಲ್ ಜಾಕ್ಸನ್ ಅದನ್ನ ಮೋಟೌನ್ 25 ಅನ್ನೋ ಟೀವಿ ಕಾರ್ಯಕ್ರಮದಲ್ಲಿ ತೋರಿಸಿದ್ದು 1983. ಸೋಲ್ ಟ್ರೇನ್‌ನಲ್ಲಿ ಕುಣೀತಿದ್ದ ಜೆಫ್ರಿ ಡೇನಿಯಲ್ 1982ರಲ್ಲೇ ಬ್ರಿಟನ್ನಿನ ಟಾಪ್ ಆಫ್ ದ ಪಾಪ್ಸ್ ಟೀವಿ ಕಾರ್ಯಕ್ರಮದಲ್ಲಿ ಮಾಡಿಬಿಟ್ಟಿದ್ದ. ಆಗ ಅದರ ಹೆಸರು ಬ್ಯಾಕ್‌ಸ್ಲೈಡ್.

ಕರ್ಸರ್_ಕಿಟ್ಟಿ
ಬಾಚಣಿಗೆ ಗೆರೆಗೆ ಬರ್ತೀನಿ. ಅಮೆರಿಕದ ಹಳೇ ವಿಡಿಯೋ ಟೇಪ್‌ನಲ್ಲಿ ಸೆಕೆಂಡಿಗೆ 59.94 ಫೀಲ್ಡ್, ಅಂದ್ರೆ ಅರ್ಧರ್ಧ ಚಿತ್ರ. ಒಂದು ಫೀಲ್ಡ್ ಬೆಸ ಸಾಲು, ಮುಂದಿನದು ಸಮ ಸಾಲು. ಎರಡನ್ನೂ ಒಂದೇ ಚಿತ್ರವಾಗಿ ಹೊಲಿದ್ರೆ, ಆ ಎರಡರ ನಡುವೆ ಕೈ ಸರಿದಿರುತ್ತಲ್ಲ, ಅದೇ ಹಲ್ಲು ಹಲ್ಲಾಗಿ ಕಾಣೋದು. ವಿಎಲ್‌ಸಿ ಪ್ಲೇಯರ್‌ನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ, ಮೋಡ್ 'ಯಾಡಿಫ್ 2ಎಕ್ಸ್' ಇಡಿ. ಸಾದಾ 'ಯಾಡಿಫ್' ಇಟ್ರೆ ಗೆರೆ ಹೋಗುತ್ತೆ, ಆದ್ರೆ ಅರ್ಧ ಚಲನೆಯೂ ಹೋಗುತ್ತೆ. ಲಾಕ್ ನಿಲ್ಲೋ ಆ ಕ್ಷಣ ಮೊಂಡಾಗುತ್ತೆ. 'ಬ್ಲೆಂಡ್' ಇಟ್ರೆ ಒಬ್ಬೊಬ್ಬರಿಗೂ ದೆವ್ವದ ನೆರಳು. ಇಂಟರ್‌ನೆಟ್‌ನಿಂದ ಇಳಿಸಿದ ಫೈಲ್ ಆಗಲೇ 30 ಫ್ರೇಮಿಗೆ ಇಳಿದಿದ್ರೆ ಹೋದ ಫೀಲ್ಡ್ ಏನು ಮಾಡಿದ್ರೂ ವಾಪಸ್ ಬರಲ್ಲ.

ಇನ್ನೊಂದು ವಿಷಯ, ಪ್ರೊಜೆಕ್ಟರನ್ನ 4:3ಕ್ಕೆ ಇಡಿ. 16:9ಕ್ಕೆ ಎಳೆದು ಎಲ್ಲರನ್ನೂ ದಪ್ಪ ಮಾಡಬೇಡಿ. ಆ ಕಾಲದ ಬೆಲ್‌ಬಾಟಮ್ ಮೊದಲೇ ಅಗಲ.

ಹಳೇ_ಟ್ರಾನ್ಸಿಸ್ಟರ್
ಯಾಡಿಫ್ 2ಎಕ್ಸ್ ಹಾಕಿ ನೋಡ್ದೆ ಕಿಟ್ಟಿ, ಡಿವಿಡಿಯಿಂದ ತೆಗೆದದ್ದು ಕನ್ನಡಿ ಥರ ಬಂತು. ಇನ್ನೊಂದು ಪ್ರಶ್ನೆ. ಅಮೆರಿಕದಿಂದ ತಂದ ಹಳೇ ಟರ್ನ್‌ಟೇಬಲ್ ಒಂದು ಸಿಕ್ಕಿದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದೀವಿ, ಓಡುತ್ತೆ. ಆದ್ರೆ ಸುಪ್ರೀಮ್ಸ್ ಹುಡುಗೀರು ಗಂಡಸರ ಥರ ಹಾಡ್ತಾರೆ.

ರೆಕಾರ್ಡ್_ರಾಯರು
ಟ್ರಾನ್ಸ್‌ಫಾರ್ಮರ್ ಇಳಿಸೋದು ವೋಲ್ಟು, ಹರ್ಟ್ಸ್ ಅಲ್ಲ. ಅಲ್ಲಿ 60, ಇಲ್ಲಿ 50. ಎಸಿ ಸಿಂಕ್ರೊನಸ್ ಮೋಟರ್ ಆಗಿದ್ರೆ ಆರರಲ್ಲಿ ಐದು ಪಾಲು ವೇಗದಲ್ಲೇ ತಿರುಗುತ್ತೆ. 45 ಹೋಗಿ 37.5 ಆಗುತ್ತೆ, 33⅓ ಹೋಗಿ 27.8. ಶ್ರುತಿ ಮೂರು ಸ್ವರಸ್ಥಾನ ಕೆಳಗೆ. ಪಿಚ್ ನಾಬ್ ಇದ್ರೂ ಅಷ್ಟು ದೂರ ಎಳೆಯಲ್ಲ. 50 ಹರ್ಟ್ಸ್‌ನ ಪುಲ್ಲಿ ಹುಡುಕಿ, ಅದರ ಸುತ್ತಳತೆ ಈಗಿರೋದರ 1.2 ಪಟ್ಟು ಇರ್ಬೇಕು. ಲೇತ್ ಅಂಗಡೀಲಿ ಹಿತ್ತಾಳೇಲಿ ಕಡೆಸ್ಬೋದು, ಆದ್ರೆ ನಡುತೂತು ಕೂದಲಷ್ಟು ಸರಿದ್ರೂ ಹಾಡು ಅಲೆಅಲೆಯಾಗುತ್ತೆ. ಡಿಸಿ ಮೋಟರ್ ಅಥವಾ ಕ್ವಾರ್ಟ್ಜ್ ಲಾಕ್ ಇರೋ ಯಂತ್ರಕ್ಕೆ ಈ ತಲೆನೋವೇ ಇಲ್ಲ.

ಧಾರವಾಡ_ಫಂಕ್
ಕಾರ್ಯಕ್ರಮ ಮುಂದ ಇಟಗೊಂಡು ಲೇತ್ ಅಂಗಡಿ ಯಾಕ ತಿರಗತೀರಿ? ಆ ರೆಕಾರ್ಡ್ ಹಂಗ ಕಂಪ್ಯೂಟರಿಗೆ ಇಳಿಸಿಕೊಳ್ರಿ, ಸಾಫ್ಟ್‌ವೇರ್‌ನಾಗ ವೇಗ 20 ಪರ್ಸೆಂಟ್ ಏರಿಸ್ರಿ, ಮುಗೀತು.

ರೆಕಾರ್ಡ್_ರಾಯರು
ಶ್ರುತಿ ಸರಿಹೋಗುತ್ತೆ. ಪ್ರೀಆಂಪ್‌ನ ಆರ್‌ಐಎಎ ತಿದ್ದುಪಡಿ, ಅಂದ್ರೆ ರೆಕಾರ್ಡ್ ಕೊರೆಯುವಾಗ ಬದಲಿಸಿದ ದನಿಯನ್ನ ವಾಪಸ್ ಸಮ ಮಾಡೋದು, ಅದು ಮಾತ್ರ ತಪ್ಪಾದ ವೇಗದಲ್ಲೇ ಬಿದ್ದಿರುತ್ತಲ್ಲ, ದನಿಯ ಬಣ್ಣ ಕೊಂಚ ಬದಲಾಗುತ್ತೆ. ಹಾಲ್‌ಗೆ ಸಾಕು. ನನಗೆ ಸಾಲದು.

ಮೈಸೂರು_ಮೋಟೌನ್
ಸ್ಪೀಕರ್ ವಿಷಯ ಹೇಳಿಬಿಡುತ್ತೇನೆ, ಎಲ್ಲರೂ ಎಡವುವ ಜಾಗ. ಅರವತ್ತರ ದಶಕದ ಎಷ್ಟೋ ಸ್ಟೀರಿಯೊ ಮಿಕ್ಸ್‌ಗಳಲ್ಲಿ ಡ್ರಮ್ಮು, ಬೇಸು ಒಂದು ಬದಿಗೆ, ಗಾಯನ ಇನ್ನೊಂದು ಬದಿಗೆ. ಹೆಡ್‌ಫೋನ್‌ನಲ್ಲಿ ತಮಾಷೆ. 30 ಅಡಿ ಸಾಲಿನ ಎರಡು ತುದಿಗೆ ಎರಡು ಸ್ಪೀಕರ್ ಇಟ್ಟರೆ ಒಂದು ತುದಿಯವರಿಗೆ ಬೀಟ್ ಇಲ್ಲ, ಇನ್ನೊಂದು ತುದಿಯವರಿಗೆ ಹಾಡೇ ಇಲ್ಲ. ಚಪ್ಪಾಳೆ ಅಂಟದಿರುವುದಕ್ಕೆ ಇದೂ ಕಾರಣ ಇರಬಹುದು. ಮೂಲ ಮೋನೋ ಸಿಂಗಲ್ ಸಿಕ್ಕರೆ ಅದನ್ನೇ ಹಾಕಿ, ಇಲ್ಲದಿದ್ದರೆ ಮಿಕ್ಸರ್‌ನಲ್ಲಿ ಎರಡೂ ಚಾನೆಲ್ ನಡುವಿಗೆ ತನ್ನಿ. ಎರಡೂ ಸ್ಪೀಕರ್ ಒಂದೇ ಕಡೆ, ಮೇಲ್ತುದಿಯಲ್ಲಿ ಇರಲಿ. ಎದುರುಬದುರು ಇಟ್ಟರೆ ದೂರದ ದನಿ ತಡವಾಗಿ ಬಂದು ಸ್ನೇರ್ ಎರಡೆರಡು ಸಲ ಕೇಳುತ್ತದೆ.

ಬೇಸ್ ನಾಬ್ ಪೂರ್ತಿ ತಿರುಗಿಸುವವರನ್ನು ಅದರ ಹತ್ತಿರ ಬಿಡಬೇಡಿ. ಮೋಟೌನ್‌ನವರು ಕಾರ್ ರೇಡಿಯೋದ ಸಣ್ಣ ಸ್ಪೀಕರಿನಲ್ಲಿ ಹೇಗೆ ಕೇಳುತ್ತದೆ ಅಂತ ನೋಡಿ ಮಿಕ್ಸ್ ಮಾಡಿದ್ದು. ಜೇಮ್ಸ್ ಜೇಮರ್ಸನ್ ಒಂದೇ ತೋರುಬೆರಳಲ್ಲಿ, ಬದಲಾಯಿಸದ ಹಳೇ ತಂತಿಯಲ್ಲಿ ನುಡಿಸಿದ ಬೇಸ್ ಅದು. ಉಬ್ಬಿಸಿದರೆ ಸ್ವರ ಸತ್ತು ಗುಂಯ್ ಅನ್ನುವುದಷ್ಟೇ ಉಳಿಯುತ್ತದೆ.

ಗರಡಿ_ಹುಡುಗ
ಟೈಲ್ಸ್ ಮೇಲೆ ಟಾಲ್ಕಂ ಪೌಡರ್ ಉದುರಿಸಿದ್ರೆ ಚೆನ್ನಾಗಿ ಜಾರುತ್ತಂತೆ?

ಕಡಲತಡಿ_ಬೇಸ್
ಬೇಡ! ಅದು ಇಂಗ್ಲೆಂಡಿನ ನಾರ್ದರ್ನ್ ಸೋಲ್‌ನವರ ಪದ್ಧತಿ, ವಿಗನ್ ಕ್ಯಾಸಿನೋ ಅಂಥ ಡ್ಯಾನ್ಸ್ ಹಾಲ್‌ಗಳಲ್ಲಿ, ಮರದ ನೆಲದಲ್ಲಿ, ಚರ್ಮದ ಅಟ್ಟೆಯ ಶೂ ಹಾಕಿಕೊಂಡು. ವಿಟ್ರಿಫೈಡ್ ಟೈಲ್ಸ್ ಮೇಲೆ ಪೌಡರ್ ಹಾಕಿದರೆ ಮಂಜುಗಡ್ಡೆ. ಹಿಂದಲೆ ನೆಲಕ್ಕೆ ಬೀಳುತ್ತದೆ. ಬರಿ ಸಾಕ್ಸ್ ಕೂಡ ಬೇಡ. ರಬ್ಬರ್ ಅಟ್ಟೆ ಹೆಚ್ಚು ಹಿಡಿದು ಮಂಡಿ ತಿರುಚುತ್ತದೆ ಅನ್ನಿಸಿದರೆ ಹಳೇ ಸವೆದ ಶೂ ಹಾಕಿಕೊಳ್ಳಿ. ಹಾಲ್‌ನಲ್ಲಿ ಯಾರೂ ಜ್ಯೂಸ್ ಹಿಡಿದು ಓಡಾಡದಂತೆ ನೋಡಿಕೊಳ್ಳಿ.

ಅವರೇಕಾಳು
ಲೈನ್‌ಗಳ ನಡುವೆ ಬಿಡುವು ಬೇಕಲ್ವಾ, ಸ್ಕ್ರ್ಯಾಂಬಲ್ ಬೋರ್ಡ್ ಇಡಿ. ಸೋಲ್ ಟ್ರೇನ್‌ನಲ್ಲಿ ಒಂದು ಜೋಡಿಗೆ 60 ಸೆಕೆಂಡ್ ಕೊಡ್ತಿದ್ರು, ಅದಲು ಬದಲಾದ ಅಕ್ಷರ ಜೋಡಿಸಿ ಹೆಸರು ಮಾಡಬೇಕು. ಕನ್ನಡದಲ್ಲೇ ಮಾಡಿ.

ಎಂಟರ_ಲೆಕ್ಕ
ಕನ್ನಡದಲ್ಲಿ ಕಾರ್ಡ್ ಎಲ್ಲಿ ಕತ್ತರಿಸ್ತೀರಿ ಅನ್ನೋದೇ ದೊಡ್ಡ ಪ್ರಶ್ನೆ. ಮಾರ್ವಿನ್ ಗೇ ಅಂದ್ರೆ ಮಾ, ರ್ವಿ, ನ್, ಗೇ. ನಾಲ್ಕೇ ಕಾರ್ಡು, ಐದು ಸೆಕೆಂಡಿಗೆ ಮುಗೀತು. ಅರೀತಾ ಫ್ರಾಂಕ್ಲಿನ್ ಅಂದ್ರೆ ಅ, ರೀ, ತಾ, ಫ್ರಾಂ, ಕ್ಲಿ, ನ್. ಆರಾಯ್ತು, ಆದ್ರೆ 'ಅ' ಅಂತ ಸ್ವರ ಬಂದ ತಕ್ಷಣ ಅದು ಮೊದಲನೇ ಅಕ್ಷರ ಅಂತ ಮಗೂಗೂ ಗೊತ್ತು.

ಅವರೇಕಾಳು
ಅರ್ಧಾಕ್ಷರ ಇರೋ ಕಾರ್ಡ್ ಪದದ ಕೊನೇದು ಅಂತಾನೂ ಗೊತ್ತಾಗುತ್ತೆ. ಅರ್ಕಾವತ್ತು ಇದ್ರೆ ಮೊದಲು ಬರಲ್ಲ ಅಂತ.

ಎಂಟರ_ಲೆಕ್ಕ
ಅದಕ್ಕೇ ಎರಡು ಹೆಸರು ಕಲಸಿ ಹಾಕಿ. ಕರ್ಟಿಸ್ ಮೇಫೀಲ್ಡ್ ಜೊತೆ ಸ್ಟೀವಿ ವಂಡರ್ ಸೇರಿಸಿದ್ರೆ ಹನ್ನೊಂದು ಕಾರ್ಡ್. 60 ಸೆಕೆಂಡಿಗೆ ಅದು ಸರಿಯಾದ ಸಜೆ. ಕಾರ್ಡಿನ ಅಕ್ಷರ ಆರು ಇಂಚು ಎತ್ತರ ಇರ್ಲಿ, ಹಿಂದಿನ ಸಾಲಿಗೂ ಕಾಣ್ಬೇಕು.

ಧಾರವಾಡ_ಫಂಕ್
ಬಂದವರು ಹಾಡಿಗೆ ಬಾಯಿ ಆಡಿಸಿದ್ರ ನಡೀತದೇನ್ರಿ? ಮೈಕ್ ಕೊಡಲಿಲ್ಲಾಂದ್ರ ಸಿಟ್ಟಾಗೂ ಮಂದಿ ಭಾಳ ಅದಾರ.

ಮೈಸೂರು_ಮೋಟೌನ್
ಸೋಲ್ ಟ್ರೇನ್‌ನಲ್ಲೂ ಹೆಚ್ಚಿನವರು ಬಾಯಿ ಆಡಿಸಿದ್ದೇ ಸರ್. ಜೇಮ್ಸ್ ಬ್ರೌನ್ ಬ್ಯಾಂಡ್ ಕಟ್ಟಿಕೊಂಡು ಬಂದು ನಿಜವಾಗಿ ಹಾಡಿದರು, ಅಂಥವರು ಕಡಿಮೆ. ಆಫ್ ಆಗಿರುವ ಮೈಕ್ ಕೊಡಿ, ಯಾರಿಗೂ ಬೇಜಾರಾಗುವುದಿಲ್ಲ.

ಹಳೇ_ಟ್ರಾನ್ಸಿಸ್ಟರ್
ಬರ್ಕೊಂಡೆ: ಬದಿಗೆ 12, ದಾರಿ 6.5 ಅಡಿ, 105 ಬೀಟ್, ಎರಡು ಎಂಟಕ್ಕೊಂದು ಜೋಡಿ, ಮೋನೋ, ಪೌಡರ್ ಇಲ್ಲ. ಮೇಲ್ತುದೀಲಿ ಬೆನ್ನು ತಟ್ಟೋ ಕೆಲಸಕ್ಕೆ ಧಾರವಾಡದವರು ಬರ್ತೀರಾ?

ಧಾರವಾಡ_ಫಂಕ್
ಬರತೇನ್ರಿ. ಬೋಂಡಾ ಮೇಜು ಮಾತ್ರ ಮೇಲ್ತುದಿಗೇ ಇಡ್ರಿ.